ಜೀನ್ಸ್ ಪ್ರಕ್ಷಾಲನ ಮೀಮಾಂಸೆ

ಬಟ್ಟೆಯ ಶುದ್ಧಿಯ ಬಗ್ಗೆ ನಮ್ಮ ಶಾಸ್ತ್ರಕಾರರು ಬರೆದದ್ದು ಕಡಿಮೆಯೇನಲ್ಲ. ಹತ್ತಿಗೊಂದು ವಿಧಿ, ರೇಷ್ಮೆಗೊಂದು, ಉಣ್ಣೆಗೊಂದು, ನಾರುಮಡಿಗೊಂದು. ಆದರೆ ಜೀನ್ಸ್ ಪ್ಯಾಂಟನ್ನು ಎಷ್ಟು ದಿನಕ್ಕೊಮ್ಮೆ ಒಗೆಯಬೇಕು ಎಂದು ಕೇಳಿದರೆ ಶ್ರುತಿಯೂ ಸ್ಮೃತಿಯೂ ತುಟಿ ಬಿಚ್ಚುವುದಿಲ್ಲ. ಇದನ್ನು ಅವುಗಳ ದೋಷವೆನ್ನಲಾಗದು. ನೆವಾಡಾದ ರೀನೋ ಎಂಬ ಊರಿನ ದರ್ಜಿ ಜೇಕಬ್ ಡೇವಿಸ್, ಸ್ಯಾನ್ ಫ್ರಾನ್ಸಿಸ್ಕೋದ ಜವಳಿ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ, ಜೇಬು ಹರಿಯದಂತೆ ಮೂಲೆಗೆ ಲೋಹದ ರಿವೆಟ್ ಬಡಿಯುವ ಉಪಾಯಕ್ಕೆ ಪೇಟೆಂಟ್ ಪಡೆದದ್ದೇ 1873ರ ಮೇ 20ರಂದು. ಅಷ್ಟರಲ್ಲಿ ಮನು, ಯಾಜ್ಞವಲ್ಕ್ಯರು ಬರೆದು ಮುಗಿಸಿ ಎಷ್ಟೋ ಕಾಲವಾಗಿತ್ತು. ಹೀಗೆ ಉಳಿದುಹೋದ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ಇದನ್ನು ಓದಲು ಅಧಿಕಾರಿಗಳು ಯಾರೆಂದರೆ, ಬೆಳಿಗ್ಗೆ ಆಫೀಸಿನ ಹೊತ್ತಿಗೆ ನಿನ್ನೆಯ ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊಣಕಾಲಿನ ಭಾಗವನ್ನು ಪರೀಕ್ಷಿಸುವ ಪ್ರತಿಯೊಬ್ಬರೂ. ಸ್ನಾನವಾಗಿರಬೇಕೆಂಬ ನಿಯಮವಿಲ್ಲ, ಆಗಿದ್ದರೆ ಒಳ್ಳೆಯದು.

ಈ ವಿಷಯದಲ್ಲಿ ಎರಡು ಮತಗಳು ಪ್ರಬಲ. ಮೊದಲನೆಯದು ನಿತ್ಯಪ್ರಕ್ಷಾಲನ ಮತ. ಮೈಗೆ ತಾಗಿದ್ದೆಲ್ಲ ಮೈಲಿಗೆ, ಬಿಟ್ಟ ಬಟ್ಟೆ ಬಚ್ಚಲಿಗೆ ಎಂಬುದು ಇದರ ಸೂತ್ರ. ಈ ಮತದ ಪೀಠ ಸಾಮಾನ್ಯವಾಗಿ ಅಡುಗೆಮನೆಗೂ ಬಚ್ಚಲಿಗೂ ನಡುವೆ ಇರುತ್ತದೆ. ವಾದವನ್ನು ಏರುದನಿಯಲ್ಲಿ, ಪ್ರತಿವಾದಿ ಹಾಸಿಗೆಯಿಂದ ಏಳುವ ಮೊದಲೇ ಮಂಡಿಸಲಾಗುತ್ತದೆ. ಎರಡನೆಯದು ಅಪ್ರಕ್ಷಾಲನ ಮತ. ಇದರ ಅನುಯಾಯಿಗಳು ಗಂಜಿ ಬಿಡದ ಗಡುಸು ಡೆನಿಮ್ ಕೊಂಡು ತಿಂಗಳುಗಟ್ಟಲೆ ನೀರು ಸೋಕಿಸದೆ ತೊಡುತ್ತಾರೆ. ತೊಡೆಯ ಮಡಿಕೆ, ಮಂಡಿಯ ಹಿಂದಿನ ಸುಕ್ಕು, ಜೇಬಿನ ಮೇಲೆ ಮೊಬೈಲಿನ ಚೌಕ, ಇವೆಲ್ಲ ತಮ್ಮ ಮೈಯ ಅಚ್ಚಾಗಿ ಮೂಡಲಿ ಎಂಬುದು ಅವರ ತಪಸ್ಸಿನ ಉದ್ದೇಶ. 2014ರಲ್ಲಿ ಲೀವೈ ಸ್ಟ್ರಾಸ್ ಕಂಪನಿಯ ಮುಖ್ಯಸ್ಥ ಚಿಪ್ ಬರ್ಗ್ ಅವರೇ ಸಭೆಯೊಂದರಲ್ಲಿ, ತಾವು ತೊಟ್ಟಿರುವ ಜೀನ್ಸ್ ಒಂದು ವರ್ಷದಿಂದ ವಾಷಿಂಗ್ ಮಷೀನ್ ಕಂಡಿಲ್ಲ ಎಂದು ಹೇಳಿದ ಮೇಲೆ ಈ ಮತಕ್ಕೆ ಆಚಾರ್ಯರೂ ದೊರೆತಂತಾಯಿತು. ಪ್ಯಾಂಟು ಮಾರುವವರೇ ಪ್ಯಾಂಟು ಬೇಗ ಸವೆಯದಿರಲಿ ಎಂದು ಬೋಧಿಸುವ ವೈರಾಗ್ಯ ವ್ಯಾಪಾರದಲ್ಲಿ ಅಪರೂಪ; ಶಂಕಿಸುವವರಿದ್ದರೆ ಶಂಕಿಸಲಿ.

ಈ ಎರಡು ಮತಗಳ ನಡುವೆ ಲೋಕವ್ಯವಹಾರ ನಡೆಯುವುದು ಕುರ್ಚಿಯ ಮೇಲೆ. ಬೀರುವಿಗೆ ಸೇರಿಸುವಷ್ಟು ಶುದ್ಧವಲ್ಲ, ಬಕೆಟ್ಟಿಗೆ ಹಾಕುವಷ್ಟು ಕೊಳೆಯೂ ಅಲ್ಲ ಎನಿಸಿದ ಬಟ್ಟೆ ಮಲಗುವ ಕೋಣೆಯ ಕುರ್ಚಿಯ ಬೆನ್ನೇರುತ್ತದೆ. ಇದರ ತತ್ತ್ವವೇನು? ಶೃಂಗೇರಿಯ ದಾರಿಯಲ್ಲಿ ಹೋದರೆ ಈ ಕೊಳೆ ಸತ್ತೂ ಅಲ್ಲ, ಅಸತ್ತೂ ಅಲ್ಲ, ಅನಿರ್ವಚನೀಯ. ಉಡುಪಿಯ ಪಕ್ಷ ಇದನ್ನು ಸುತರಾಂ ಒಪ್ಪದು: ಕೊಳೆಯೂ ಸತ್ಯ, ಶುದ್ಧಿಯೂ ಸತ್ಯ, ಎರಡರ ಭೇದವೂ ಸತ್ಯ; ಅಷ್ಟೇ ಅಲ್ಲ, ಕೊಳೆ ಕೊಳೆಗಳ ನಡುವೆಯೂ ತಾರತಮ್ಯವಿದೆ. ಮೇಲುಕೋಟೆಯವರಿಗೆ ಕೊಳೆ ಎಂಬುದು ಬಟ್ಟೆಯನ್ನು ಬಿಟ್ಟು ಇರಲಾರದ ವಿಶೇಷಣ. ಶ್ರವಣಬೆಳಗೊಳದಲ್ಲಿ ಕೇಳಿದರೆ ಸ್ಯಾದ್ವಾದದ ಪ್ರಕಾರ ಒಂದು ದೃಷ್ಟಿಯಿಂದ ಕೊಳೆ, ಒಂದು ದೃಷ್ಟಿಯಿಂದ ಕೊಳೆಯಲ್ಲ, ಇನ್ನೊಂದು ದೃಷ್ಟಿಯಿಂದ ಹೇಳಲು ಬಾರದು ಎಂದು ಮುಂದುವರಿದು ಏಳು ಉತ್ತರ ಸಿಗುತ್ತವೆ. ಅಷ್ಟು ಹೊತ್ತಿಗೆ ಆಫೀಸಿನ ಬಸ್ಸು ಹೋಗಿರುತ್ತದೆ. ಈ ಪ್ರಬಂಧ ಎತ್ತಿಕೊಳ್ಳುವುದು ತಾರತಮ್ಯವನ್ನು. ಅದರ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ಕೊಳೆಯನ್ನು ಅರಿಯುವ ಪ್ರಮಾಣ ಯಾವುದು? ಪ್ಯಾಂಟನ್ನು ಮೂಗಿಗೆ ಹಿಡಿದು ಉಸಿರೆಳೆದು ‘ಪರವಾಗಿಲ್ಲ’ ಎಂದು ತೀರ್ಮಾನಿಸುವುದಕ್ಕೆ ಮೀಮಾಂಸಕರಲ್ಲಿ ಅನುಪಲಬ್ಧಿ ಎಂಬ ಹೆಸರಿದೆ: ಇದ್ದಿದ್ದರೆ ತಿಳಿಯುತ್ತಿತ್ತು, ತಿಳಿಯಲಿಲ್ಲ, ಆದ್ದರಿಂದ ಇಲ್ಲ. ಆದರೆ ತಿಳಿಯುವ ಯೋಗ್ಯತೆ ಇದ್ದಾಗ ಮಾತ್ರ ತಿಳಿಯದಿರುವುದು ಪ್ರಮಾಣವಾಗುತ್ತದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದ ಮೂಗು ಅದನ್ನು ಗ್ರಹಿಸುವುದನ್ನೇ ಬಿಡುವುದರಿಂದ, ಸ್ವಂತ ಪ್ಯಾಂಟಿನ ವಿಷಯದಲ್ಲಿ ಸ್ವಂತ ಮೂಗಿನ ಸಾಕ್ಷ್ಯ ನಿಲ್ಲದು. ಬಸ್ಸಿನಲ್ಲಿ ಪಕ್ಕ ಕೂತವರ ಮೂಗೇ ಪರಮಪ್ರಮಾಣ. ಆದರೆ ಅವರು ಬಾಯಿ ಬಿಡುವುದಿಲ್ಲ, ಸುಮ್ಮನೆ ಬೇರೆ ಸೀಟು ನೋಡಿಕೊಳ್ಳುತ್ತಾರೆ. ಇನ್ನು ಪ್ರಯೋಗ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಒಂದೇ ಜೀನ್ಸನ್ನು 15 ತಿಂಗಳು ಒಗೆಯದೆ ತೊಟ್ಟ. ಪರೀಕ್ಷಿಸಿದಾಗ ಸಿಕ್ಕ ಬ್ಯಾಕ್ಟೀರಿಯಾಗಳು ಚರ್ಮದ ಮೇಲೆ ಸಾಮಾನ್ಯವಾಗಿ ಇರುವಂಥವೇ. ಆಮೇಲೆ ಒಗೆದು, ಮತ್ತೆ 13 ದಿನ ತೊಟ್ಟು ಎಣಿಸಿದರೆ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಬಂತು. ಹದಿನೈದು ತಿಂಗಳ ಪಾಪಕ್ಕೂ ಎರಡು ವಾರದ ಪಾಪಕ್ಕೂ ಚಿತ್ರಗುಪ್ತ ಒಂದೇ ಮೊತ್ತ ಬರೆದರೆ ನಿತ್ಯಪ್ರಕ್ಷಾಲನ ಮತದ ಗತಿಯೇನು? ಆದರೆ ಎದುರು ಪಕ್ಷ ಕುಣಿಯಬೇಕಾಗಿಲ್ಲ. ವಾಸನೆ ತಡೆಯಲು ಆ ವಿದ್ಯಾರ್ಥಿ ಪ್ಯಾಂಟನ್ನು ಫ್ರೀಜರಿನಲ್ಲಿಡಬೇಕಾಯಿತು. ಅಲ್ಲಿನ ಚಳಿಗೆ ಬ್ಯಾಕ್ಟೀರಿಯಾಗಳು ಬಹುಪಾಲು ಸಾಯುವುದಿಲ್ಲ, ಮಲಗಿರುತ್ತವೆ. ಮೈಬಿಸಿ ತಾಗಿದೊಡನೆ ಎದ್ದು ಕೆಲಸಕ್ಕೆ ಹಾಜರು. ನಮ್ಮ ಮನೆಗಳ ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಪ್ಯಾಂಟಿಡಲು ಅನುಮತಿ ಪಡೆಯುವ ವಿಧಾನ ಈ ಪ್ರಬಂಧದ ವ್ಯಾಪ್ತಿಗೆ ಹೊರಗಿನದು.

ಸಿದ್ಧಾಂತ ಇದು: ಜೀನ್ಸ್ ಕಲಿಯುಗದ ಪಟ್ಟೆಮಡಿ. ಮಡಿ ಆಚರಿಸುವ ಮನೆಗಳಲ್ಲಿ ಹತ್ತಿಯ ಪಂಚೆಯನ್ನೋ ಸೀರೆಯನ್ನೋ ದಿನವೂ ಒಗೆದು, ಯಾರ ಕೈಗೂ ತಾಗದಂತೆ ಕೋಲಿನಿಂದೆತ್ತಿ ಎತ್ತರದ ಗಳುವಿನ ಮೇಲೆ ಹರವಬೇಕು; ಒಮ್ಮೆ ಉಟ್ಟು ಬಿಟ್ಟರೆ ಅದರ ಮಡಿ ಮುಗಿಯಿತು. ಅದೇ ಮನೆಯ ರೇಷ್ಮೆಗೆ, ಉತ್ತರ ಕರ್ನಾಟಕದಲ್ಲಾದರೆ ಮುಗುಟಕ್ಕೆ, ಈ ಕಾಟವಿಲ್ಲ. ಪೂಜೆ ಮುಗಿದ ಮೇಲೆ ಬಿಚ್ಚಿ ಒಂದು ಕಡೆ ಜೋಪಾನ ಮಾಡಿದರೆ ಮರುದಿನವೂ ಅದು ಮಡಿಯೇ. ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ರೇಷ್ಮೆ ಸ್ವಭಾವತಃ ಶುದ್ಧ, ಜೀನ್ಸೋ ಅಪ್ಪಟ ಹತ್ತಿ, ಹತ್ತಿಯ ವಿಧಿ ಬಿಟ್ಟು ರೇಷ್ಮೆಯ ವಿನಾಯಿತಿ ಬೇಡುವುದು ಜಾತಿ ಪ್ರಮಾಣಪತ್ರದ ದುರುಪಯೋಗ. ಉತ್ತರ: ಹುಳುವಿದ್ದ ಗೂಡನ್ನು ಕುದಿನೀರಿಗೆ ಹಾಕಿ ತೆಗೆದ ನೂಲು ಸ್ವಭಾವದಿಂದಲೇ ಪವಿತ್ರ ಎನ್ನಬೇಕಾದರೆ ಕಾರಣ ಸ್ವಭಾವದಲ್ಲಿರಲಾರದು, ಬೇರೆಲ್ಲೋ ಇರಬೇಕು. ದಿನಾ ಒಗೆದರೆ ರೇಷ್ಮೆ ಕೆಡುತ್ತದೆ. ಕೆಟ್ಟರೆ ಇನ್ನೊಂದು ತರುವಷ್ಟು ದುಡ್ಡು ಎಲ್ಲರ ಮನೆಯಲ್ಲಿಲ್ಲ. ಯಾವುದನ್ನು ಒಗೆದರೆ ನಷ್ಟವೋ ಅದು ಒಗೆಯದೆಯೇ ಶುದ್ಧ. ಇದನ್ನು ಪಟ್ಟೆಮಡಿ ನ್ಯಾಯವೆಂದು ಕರೆಯೋಣ.

ಈ ಹೇತು ಜೀನ್ಸಿನಲ್ಲಿದೆಯೇ ಎಂದರೆ ನೂಲಿನ ಎಳೆಯೆಳೆಯಲ್ಲೂ ಇದೆ. ನೀಲಿ ಇಂಡಿಗೋ ನೀರಿನಲ್ಲಿ ಕರಗುವ ಬಣ್ಣವಲ್ಲ. ಅದರ ರಾಸಾಯನಿಕ ರೂಪ ಬದಲಿಸಿ, ಹಳದಿ-ಹಸಿರು ದ್ರಾವಣ ಮಾಡಿ, ಅದರಲ್ಲಿ ನೂಲನ್ನು ಅದ್ದಿ ಗಾಳಿಗೆ ಹಿಡಿಯುತ್ತಾರೆ; ಗಾಳಿ ತಾಗಿದಂತೆಲ್ಲ ಹಸಿರು ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಮತ್ತೆ ಮತ್ತೆ ಅದ್ದಿದರೂ ಬಣ್ಣ ನಿಲ್ಲುವುದು ನೂಲಿನ ಹೊರಸುತ್ತಿನಲ್ಲಿ, ತಿರುಳು ಬಿಳಿಯೇ. ನೇಯುವಾಗ ಹಾಸು ನೀಲಿ, ಹೊಕ್ಕು ಬಿಳಿ. ಆದ್ದರಿಂದ ಕಲ್ಲಿಗೆ ಬಡಿದಷ್ಟೂ, ಬ್ರಷ್ ಹಾಕಿ ಉಜ್ಜಿದಷ್ಟೂ ಮೇಲಿನ ನೀಲಿ ಉದುರಿ ಒಳಗಿನ ಬಿಳಿ ಇಣುಕುತ್ತದೆ. ಬಿಳಿ ಪಂಚೆಗೆ ಪ್ರತಿ ಒಗೆತದಲ್ಲೂ ನೀಲಿ ಹಾಕುವ ಕೈಯೇ ನೀಲಿ ಪ್ಯಾಂಟಿನಿಂದ ಪ್ರತಿ ಒಗೆತದಲ್ಲೂ ನೀಲಿ ತೆಗೆಯುವುದು ವಿಚಾರಮಾಡಬೇಕಾದ ಸಂಗತಿ. ಆಕ್ಷೇಪ: ಬಳ್ಳಾರಿಯಂಥ ಜೀನ್ಸ್ ಊರುಗಳಲ್ಲಿ ಹೊಲಿಗೆಯಾದ ಪ್ಯಾಂಟು ಅಂಗಡಿಗಿಂತ ಮೊದಲು ಹೋಗುವುದೇ ವಾಷಿಂಗ್ ಘಟಕಕ್ಕೆ, ಸ್ಟೋನ್ ವಾಶ್ ಎಂದರೆ ಹಗುರವಾದ ಪ್ಯೂಮಿಸ್ ಕಲ್ಲಿನೊಡನೆ ಉರುಳಾಡಿ ಬಂದದ್ದೇ ಅಲ್ಲವೇ, ಇನ್ನೇನು ಉಳಿಸುವುದಿದೆ? ನಿಜ. ಆದರೆ ಇದರಿಂದ ಸಿದ್ಧವಾಗುವುದು ನಮ್ಮ ಪಕ್ಷವೇ. ಗಿರಾಕಿಯ ಕೈ ಸೇರುವ ಮುಂಚೆಯೇ ಪ್ಯಾಂಟಿನ ಸಂಸ್ಕಾರಗಳೆಲ್ಲ ಸಾಂಗವಾಗಿ ಮುಗಿದಿವೆ. ಉಪನಯನವಾದವನಿಗೆ ವಾರ ವಾರವೂ ಉಪನಯನ ಮಾಡುವವರಿಲ್ಲ.

ಪಟ್ಟೆಮಡಿ ನ್ಯಾಯವನ್ನು ಹಿಡಿದು ಬನಿಯನ್‌ಗೂ ವಿನಾಯಿತಿ ಕೇಳುವ ತರುಣರಿದ್ದಾರೆ. ಅದು ಅತಿವ್ಯಾಪ್ತಿ. ಬೆವರಿಗೆ ತನ್ನದೇ ವಾಸನೆ ಕಡಿಮೆ. ಕಂಕುಳು, ತೊಡೆಸಂದಿಗಳಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಆ ಜಾಗಗಳಿಗೆ ಅಂಟಿಕೊಂಡ ಬನಿಯನ್, ಚಡ್ಡಿ, ಜೊತೆಗೆ ಕಾಲುಚೀಲ, ಇವು ಹತ್ತಿಮಡಿಯ ವರ್ಗ. ನಿತ್ಯ ಒಗೆಯಲೇಬೇಕು, ಇದರಲ್ಲಿ ಮತಭೇದವಿಲ್ಲ. ಪಾಲಿಯೆಸ್ಟರ್ ಟೀ-ಶರ್ಟಿನದು ಇನ್ನೂ ಕೆಳಗಿನ ಯೋನಿ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮದ ನಂತರ ಹತ್ತಿಗಿಂತ ಪಾಲಿಯೆಸ್ಟರೇ ಹೆಚ್ಚು ನಾರಿತು. ಹುಳಿ, ಚಟ್ನಿ ಚೆಲ್ಲಿದ ಪ್ಯಾಂಟಿಗೆ ಏಕದೇಶಪ್ರಕ್ಷಾಲನ, ಅಂದರೆ ಕಲೆಯಾದ ಕಡೆ ಮಾತ್ರ ಒದ್ದೆ ಬಟ್ಟೆ, ಸಾಕು. ಬಿಳಿ ಅಂಗಿಯ ಮೇಲಿನ ಹುಳಿಯ ಕಲೆಯದು ಬೇರೆಯೇ ಲೀಲೆ: ಬಾರ್ ಸೋಪು ತಿಕ್ಕಿದೊಡನೆ ಹಳದಿ ಹೋಗಿ ಕುಂಕುಮದಂಥ ಕೆಂಪು ಮೂಡುತ್ತದೆ. ಸೋಪಿನ ಕ್ಷಾರಕ್ಕೆ ಅರಿಸಿನ ಬಣ್ಣ ಬದಲಿಸುವ ಕ್ರಮವೇ ಹಾಗೆ. ಗಾಬರಿಯಾದವರು ಇನ್ನಷ್ಟು ಸೋಪು ತಿಕ್ಕಿ ಇನ್ನಷ್ಟು ಕೆಂಪು ಮಾಡುತ್ತಾರೆ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಉಳಿದದ್ದನ್ನು ಸೂರ್ಯನೇ ಮಸುಕು ಮಾಡುತ್ತಾನೆ. ಜೀನ್ಸಿಗೆ, ಹತ್ತು ಸಲ ತೊಟ್ಟ ಮೇಲೆ ಒಮ್ಮೆ ಎಂಬ ಲೀವೈ ಸ್ಟ್ರಾಸ್ ಕಂಪನಿಯ ಸಲಹೆಯೇ ಸಾಮಾನ್ಯವಿಧಿ. ಬಳ್ಳಾರಿಯ ಏಪ್ರಿಲ್‌ಗೆ ಈ ಪ್ರಬಂಧ ಅದನ್ನು ಐದಕ್ಕಿಳಿಸುತ್ತದೆ.

ನೀರುಳಿಸಲೆಂದೇ ಒಗೆಯುವುದಿಲ್ಲ ಎಂಬ ಅಪ್ರಕ್ಷಾಲನವಾದಿಗಳ ಹಿರಿಮೆಯನ್ನೂ ಸ್ವಲ್ಪ ತೂಗಿ ನೋಡಬೇಕು. ಅದೇ ಕಂಪನಿಯ ಲೆಕ್ಕದಲ್ಲಿ ಅದರ ‘501’ ಮಾದರಿಯ ಒಂದು ಜೀನ್ಸ್ ಹುಟ್ಟಿನಿಂದ ಕೊನೆಯವರೆಗೆ ಬಳಸುವ ನೀರು ಸುಮಾರು 3,781 ಲೀಟರ್. ಅದರಲ್ಲಿ ಶೇ. 68 ಹತ್ತಿ ಬೆಳೆಯಲು. ತೊಡುವವರು ಒಗೆಯುವ ಪಾಲು ಶೇ. 23. ಆಯುಷ್ಯವಿಡೀ ಒಗೆಯದೆ ನಾರಿಕೊಂಡಿದ್ದರೂ ಕಾಲು ಭಾಗ ಪುಣ್ಯ ಕೂಡ ದಕ್ಕದು. ನೀರಿಗಿಂತ ದೊಡ್ಡ ವೆಚ್ಚ ರಟ್ಟೆಯದು, ಮತ್ತು ಅದು ಯಾರ ರಟ್ಟೆ ಎಂಬುದು. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ: ಅರ್ಥಾಪತ್ತಿಗೆ ಪಾಠಶಾಲೆಗಳಲ್ಲಿ ಕೊಡುವ ಉದಾಹರಣೆ ಇದು. ದೇವದತ್ತ ಜೀನ್ಸ್ ಒಗೆಯುವುದಿಲ್ಲ, ಆದರೂ ಸೋಮವಾರ ಅದು ಶುಭ್ರವಾಗಿದೆ, ಆದ್ದರಿಂದ ದೇವದತ್ತನ ತಾಯಿಯೋ ಹೆಂಡತಿಯೋ ಕೆಲಸದಾಕೆಯೋ ಒಗೆದಿದ್ದಾರೆ. ನೆನೆದ ಜೀನ್ಸನ್ನು ಬಕೆಟ್ಟಿನಿಂದೆತ್ತುವಾಗ ಬೆನ್ನು ಹಿಡಿಯುತ್ತದೆ. ಹಿಂಡಲು ಒಬ್ಬರಿಂದಾಗದು; ಸೊಂಟಪಟ್ಟಿಯನ್ನೊಬ್ಬರು, ಕಾಲುಗಳನ್ನೊಬ್ಬರು ಹಿಡಿದು ಎದುರುಬದುರು ತಿರುಚಬೇಕು. ಶುದ್ಧಿಯ ಶಾಸ್ತ್ರ ಹೇಳಿದವರಲ್ಲಿ ಕೈಯಾರೆ ಒಗೆದವರು ವಿರಳ. ಹನ್ನೆರಡನೆಯ ಶತಮಾನದ ಮಡಿವಾಳ ಮಾಚಿದೇವರು ಅಂಥವರು, ಅವರು ಶರಣರ ಬಟ್ಟೆಯನ್ನಷ್ಟೇ ಮಡಿ ಮಾಡುತ್ತಿದ್ದರೆಂದು ಪ್ರತೀತಿ. ಕೊಳೆಯ ತಾರತಮ್ಯಕ್ಕಿಂತ ಮೊದಲು ಉಟ್ಟವರ ತಾರತಮ್ಯ! ಹಾಗಾದರೆ ದಿನವೂ ಒಗೆಯಬೇಕೆನ್ನುವ ತಾಯಂದಿರು ಸ್ವತಃ ಒಗೆಯುವವರು, ಅವರ ಮಾತೇ ಪ್ರಮಾಣವಾಗಬೇಕಲ್ಲ ಎಂದರೆ, ಅಲ್ಲಿ ವಾಕ್ಯದ ತಾತ್ಪರ್ಯ ನೋಡಬೇಕು. ‘ಇದನ್ನೂ ಬಚ್ಚಲಿಗೆ ಹಾಕೋ’ ಎಂಬುದು ಪ್ರಕ್ಷಾಲನವಿಧಿಯಲ್ಲ. ಕುರ್ಚಿ ಖಾಲಿಯಾಗಲಿ ಎಂಬುದಷ್ಟೇ ಅದರ ಅರ್ಥ.

ಉಳಿದಿರುವುದು ಮಳೆಗಾಲದ ಆಕ್ಷೇಪ. ಕೆಸರು ಹಾರುವ ಕಾಲದಲ್ಲಾದರೂ ಪ್ಯಾಂಟನ್ನು ದಿನವೂ ಒಗೆಯಬೇಡವೇ? ಮಲೆನಾಡಿನ ಅನುಭವ ಇದಕ್ಕೆ ವಿರುದ್ಧ. ಆಷಾಢದಲ್ಲಿ ಒಗೆದ ಜೀನ್ಸಿನ ಕಾಲುಗಳು ಮೂರನೆಯ ದಿನಕ್ಕೆ ಒಣಗಿದಂತೆ ಕಂಡರೂ ಸೊಂಟಪಟ್ಟಿ ಮತ್ತು ಜೇಬಿನೊಳಗಿನ ಬಟ್ಟೆ ತಣ್ಣಗೇ ಇರುತ್ತವೆ, ಮುಗ್ಗಲು ಹಿಡಿಯುತ್ತವೆ. ಒಗೆದದ್ದು ಒಗೆಯದ್ದಕ್ಕಿಂತ ಹೆಚ್ಚು ನಾರುತ್ತದೆ. ಕಡೆಗೆ ಅದನ್ನು ಬಚ್ಚಲ ಒಲೆಯ ಮೇಲಿನ ಗಳುವಿಗೆ ಏರಿಸಿ ಹೊಗೆಯಲ್ಲಿ ಒಣಗಿಸುವುದೇ ಗತಿ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ವ್ಯಾಪ್ತಿಯನ್ನು ನೈಯಾಯಿಕರು ಅಡುಗೆಮನೆಯ ಉದಾಹರಣೆ ತೋರಿಸಿ ಸ್ಥಾಪಿಸಿ ನಿಶ್ಚಿಂತರಾಗಿದ್ದರು. ಸಾಗರದಲ್ಲಿ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯುವ ಪ್ಯಾಂಟಿನಲ್ಲಿ ಹೊಗೆಯ ವಾಸನೆ ದಟ್ಟವಾಗಿದೆ, ಬೆಂಕಿಯಂತೂ ಎಲ್ಲೂ ಇಲ್ಲ, ಅಕ್ಕಪಕ್ಕದವರು ಮಾತ್ರ ಎದ್ದು ಸೀಟಿನ ಕೆಳಗೆ ಹುಡುಕುತ್ತಿದ್ದಾರೆ. ಹೇತ್ವಾಭಾಸದ ಅಧ್ಯಾಯಕ್ಕೆ ಇದನ್ನು ಹೊಸ ಉದಾಹರಣೆಯಾಗಿ ಸೇರಿಸಿಕೊಳ್ಳಬಹುದೆಂದು ತರ್ಕಪಾಠಶಾಲೆಗಳಿಗೆ ಈ ಮೂಲಕ ಅರಿಕೆ.