ಹದಿನಾಲ್ಕು ಇಪ್ಪತ್ತೋ, ಇಪ್ಪತ್ತು ಹದಿನಾಲ್ಕೋ?

ಅಮೆರಿಕದ ಡಲ್ಲಾಸ್ ಆಸುಪಾಸಿನಲ್ಲಿ ಮನೆ ಕೊಂಡ ಕನ್ನಡಿಗರು ಗೃಹಪ್ರವೇಶಕ್ಕೆ ಬಂದವರಿಗೆ ಮನೆ ತೋರಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಅಡುಗೆಮನೆಯ ಗ್ರಾನೈಟ್ ಕಟ್ಟೆ. ಆಮೇಲೆ, ಕೋಟು ನೇತುಹಾಕುವ ಗೂಡಿನಿಂದ ದೇವರಮನೆಯಾಗಿ ಬಡ್ತಿ ಪಡೆದ ಮೂಲೆ. ಕೊನೆಗೆ, ಹಿತ್ತಲ ಬೇಲಿಗೆ ಮುಂದೊಂದು ದಿನ ಹಬ್ಬಲಿರುವ ಮಲ್ಲಿಗೆ. ಹಾಲ್ ಗೋಡೆಯ ಬುಡದಲ್ಲಿ ಕೂತಿರುವ ಬಿಳಿ ತಗಡಿನ ಜಾಲರಿಯನ್ನು ಯಾರೂ ತೋರಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಅದರ ಇರವು ಗೊತ್ತಿರುವುದು ಸತ್ಯನಾರಾಯಣ ಪೂಜೆಯ ಊದುಬತ್ತಿಯ ಹೊಗೆಗೆ ಮಾತ್ರ. ಎರಡು ಗೇಣು ನೆಟ್ಟಗೆ ಏರಿದ ಹೊಗೆ ಇದ್ದಕ್ಕಿದ್ದಂತೆ ಅಡ್ಡಕ್ಕೆ ತಿರುಗಿ, ಪುರೋಹಿತರ ಮೊಣಕಾಲು ಬಳಸಿಕೊಂಡು ಹೋಗಿ, ಆ ಜಾಲರಿಯೊಳಗೆ ನುಸುಳಿ ಮಾಯವಾಗುತ್ತದೆ.

ಅದೇ ರಿಟರ್ನ್ ಗ್ರಿಲ್. ಬೆಂಗಳೂರಿನ ಏಸಿ ಗೋಡೆಯ ಮೇಲೆ ಕೂತು, ಇರುವ ಒಂದು ಕೋಣೆಯ ಗಾಳಿಯನ್ನೇ ಎಳೆದುಕೊಂಡು ಅಲ್ಲಿಗೇ ಬಿಡುತ್ತದೆ. ಟೆಕ್ಸಾಸಿನಲ್ಲಿ ಇಡೀ ಮನೆಗೆ ಒಂದೇ ಯಂತ್ರ. ಅದು ತಣ್ಣನೆಯ ಗಾಳಿಯನ್ನು ಡಕ್ಟ್‌ಗಳ ಮೂಲಕ ಕೋಣೆಕೋಣೆಗೂ ಕಳಿಸುತ್ತದೆ. ಬೆಚ್ಚಗಾದ ಗಾಳಿ ಯಂತ್ರಕ್ಕೆ ವಾಪಸಾಗುವುದು ಈ ಗ್ರಿಲ್ ಮೂಲಕ. ಗಾಳಿಯ ಜೊತೆ ಇಂಗಿನ ಒಗ್ಗರಣೆಯೂ ವಾಪಸಾಗುತ್ತದೆ. ಮಹಡಿ ಮೇಲೆ ಬಾಗಿಲು ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿ ಕೂತವರಿಗೂ ಇವತ್ತು ತಿಳಿಸಾರೋ ಹುಳಿಯೋ ಎಂದು ಐದು ನಿಮಿಷದಲ್ಲಿ ಗೊತ್ತಾಗುವುದು ಹೀಗೆ. ಈ ಯಂತ್ರವನ್ನು ವಿಲಾಸ ಅನ್ನುವ ಹಾಗೂ ಇಲ್ಲ. 2011ರಲ್ಲಿ ಡಲ್ಲಾಸ್-ಫೋರ್ಟ್ ವರ್ತ್ ಸೀಮೆಯಲ್ಲಿ 71 ದಿನ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು.

ಇಂಥ ಒಂದು ಮನೆಯ ಯಜಮಾನರ ಕಥೆ ಇದು. ಸಾಫ್ಟ್‌ವೇರಿನವರು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದವರಲ್ಲ. ಗ್ರಿಲ್ಲಿಗೆ ಮಗನ ಮೂರುಗಾಲಿ ಸೈಕಲ್ ಗುದ್ದಿ ಗುದ್ದಿ ನಡುವಿನ ನಾಲ್ಕು ಪಟ್ಟಿ ಒಳಕ್ಕೆ ಬಾಗಿದ್ದವು. ಊರಿಂದ ಮಾವ ಅತ್ತೆ ಬರುವವರಿದ್ದರು. ರಿಪೇರಿಯವನನ್ನು ಕರೆದರೆ ಅವನು ಮನೆಯೊಳಗೆ ಕಾಲಿಡುವುದಕ್ಕೆ ಕೇಳುವ ದುಡ್ಡಿನಲ್ಲಿ ಹಲವು ಗ್ರಿಲ್ ಬರುತ್ತವೆ. ಇರುವುದು ನಾಲ್ಕು ಸ್ಕ್ರೂ, ಹತ್ತು ನಿಮಿಷದ ಕೆಲಸ ಎಂದು ಯಜಮಾನರು ತೀರ್ಮಾನಿಸಿದರು. ಸ್ಕ್ರೂ ನಾಲ್ಕೇ ಎಂಬುದು ನಿಜ.

ಅವರು ಹಳೇ ಗ್ರಿಲ್ಲಿನ ಅಂಚಿನಿಂದ ಅಂಚಿಗೆ ಟೇಪು ಹಿಡಿದರು. ಅಗಲ 15 ಮುಕ್ಕಾಲು ಇಂಚು, ಎತ್ತರ 21 ಮುಕ್ಕಾಲು. ಅಂಗಡಿಯಲ್ಲಿ ಅಂಥ ಅಳತೆಯೇ ಇಲ್ಲ. ಹತ್ತಿರದ್ದು ಇರಲಿ ಎಂದು 16×20 ತಂದರು. ಅದರ ಬೆನ್ನಿನ ಚೌಕಟ್ಟು ಗೋಡೆಯ ತೂತಿನ ಎರಡೂ ಮಗ್ಗುಲಿಗೆ ಬಡಿದು ನಿಂತಿತು.

ಗ್ರಿಲ್ಲಿನ ಅಳತೆ ಅಂದರೆ ಗ್ರಿಲ್ಲಿನ ಅಳತೆಯಲ್ಲ. ಅದು ಮುಚ್ಚಬೇಕಾದ ತೂತಿನ ಅಳತೆ. ಕಣ್ಣಿಗೆ ಕಾಣುವ ಮುಖ ಅದಕ್ಕಿಂತ ಸುಮಾರು ಒಂದು ಮುಕ್ಕಾಲು ಇಂಚು ದೊಡ್ಡದಿರುತ್ತದೆ. ಅಂದರೆ ಈ ಗೋಡೆಯ ತೂತು 14×20. ಅಗಲ ಯಾಕೆ 14 ಇಂಚು ಎಂಬುದಕ್ಕೂ ಕಾರಣವಿದೆ. ಅಮೆರಿಕದ ಮನೆಯ ಗೋಡೆ ಇಟ್ಟಿಗೆಯದಲ್ಲ, 16 ಇಂಚಿಗೊಂದರಂತೆ ನಿಲ್ಲಿಸಿದ ಮರದ ಕಂಬಗಳಿಗೆ ಅರ್ಧ ಇಂಚಿನ ಜಿಪ್ಸಮ್ ಹಲಗೆ ಹೊಡೆದದ್ದು. ಆ ಕಂಬದ ಹೆಸರು ‘ಟೂ ಬೈ ಫೋರ್’. ಅಳೆದು ನೋಡಿದರೆ ಒಂದೂವರೆ ಇಂಚು, ಮೂರೂವರೆ ಇಂಚು. ಎರಡು ಕಂಬದ ನಡುವೆ ಉಳಿಯುವುದು ಹದಿನಾಲ್ಕೂವರೆ. 16ರ ಗ್ರಿಲ್ ಕೂರಬೇಕಾದರೆ ಕಂಬವನ್ನೇ ಕಡಿಯಬೇಕು, ಕಡಿದರೆ ಮಹಡಿ ಏನನ್ನುತ್ತದೋ. ಒಳಗೆ ಹಾಕುವ ಫಿಲ್ಟರಿನದೂ ಇದೇ ಬಾಳು. ದಪ್ಪಕ್ಷರದಲ್ಲಿ 14×20×1 ಎಂದಿರುತ್ತದೆ, ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ನಿಜವಾದ ಅಳತೆ, ಕಾಲೋ ಅರ್ಧವೋ ಇಂಚು ಕಡಿಮೆ.

ಹಾಗೆ ನೋಡಿದರೆ ಅಳತೆಯ ತಕರಾರು ಏಸಿಯ ಜಾತಕದಲ್ಲೇ ಇದೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಇದನ್ನು ಮೊದಲು ಹೂಡಿದ್ದು ಮನುಷ್ಯರಿಗಲ್ಲ, ಒಂದು ಮುದ್ರಣಾಲಯದ ಕಾಗದಕ್ಕೆ. ತೇವ ಹೀರಿದ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಕೂರದೆ ಆಚೀಚೆ ಸರಿಯುತ್ತಿತ್ತು. ಕೂದಲೆಳೆಯಷ್ಟು ವ್ಯತ್ಯಾಸ ಸರಿಪಡಿಸಲು ಹುಟ್ಟಿದ ಯಂತ್ರದ ಮುಂದೆ ‘ಹತ್ತಿರದ್ದು ಇರಲಿ’ ನಡೆಯುತ್ತದೆಯೇ?

ಅಷ್ಟರಲ್ಲಿ ಮಾವನವರು ಬಂದಿಳಿದರು. ದಾವಣಗೆರೆಯವರು, ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರು. ಹೊಸಬರ ಮನೆಯಲ್ಲಿ ಕಾಫಿಗಿಂತ ಮೊದಲು ಗೋಡೆ ತಟ್ಟಿ ನೋಡುವ ಅಭ್ಯಾಸ.

“ಏಸಿ ಎಷ್ಟು ಟನ್ನಿಂದು, ಅಳಿಯಂದಿರೇ?”

“ನಾಲ್ಕು, ಮಾವ.”

“ಅಷ್ಟು ಭಾರಾನ ಎಲ್ಲಿ ಕೂರಿಸಿದಾರೆ?”

ಇದೂ ಹೆಸರಿಗಷ್ಟೇ ಟನ್. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖವನ್ನು ಯಂತ್ರ ಹೊರಹಾಕಿದರೆ ಒಂದು ಟನ್, ಅಂದರೆ ಗಂಟೆಗೆ 12,000 ಬಿಟಿಯು. ಒಂದೊಂದು ಟನ್ನಿಗೂ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಓಡಾಡಬೇಕು ಎಂಬುದು ಕಸುಬಿನವರ ಲೆಕ್ಕ. ನಾಲ್ಕು ಟನ್ನಿನ 1,600 ಘನ ಅಡಿಯೂ ಮನೆಯಲ್ಲಿರುವ ಎರಡು ಮೂರು ರಿಟರ್ನ್ ಗ್ರಿಲ್‌ಗಳ ಮೂಲಕವೇ ವಾಪಸಾಗಬೇಕು. ಗ್ರಿಲ್ ಕಿರಿದಾದರೆ ಗಾಳಿ ಇಕ್ಕಟ್ಟಿನಲ್ಲಿ ನುಗ್ಗಿ ರಾತ್ರಿಯೆಲ್ಲ ಸಿಳ್ಳೆ ಹೊಡೆಯುತ್ತದೆ.

ತೂತನ್ನು ಅಳೆದುಕೊಂಡು ಅಳಿಯಂದಿರು ಮತ್ತೆ ಅಂಗಡಿಗೆ ಹೋದರು. ಈ ಸಲ 20×14 ತಂದರು. ಇಪ್ಪತ್ತು ಹದಿನಾಲ್ಕಾದರೇನು, ಹದಿನಾಲ್ಕು ಇಪ್ಪತ್ತಾದರೇನು, ಗುಣಿಸಿದರೆ 280 ತಾನೆ? ಗಣಿತದಲ್ಲಿ ಸರಿ. ಗ್ರಿಲ್ಲಿನಲ್ಲಿ ಮೊದಲ ಅಂಕಿ ಅಗಲ, ಎರಡನೆಯದು ಎತ್ತರ, ಪಟ್ಟಿಗಳು ಅಗಲಕ್ಕೆ ಮಲಗಿರುತ್ತವೆ. 20×14ನ್ನು ಎತ್ತರದ ತೂತಿಗೆ ತಿರುಗಿಸಿ ಇಟ್ಟಾಗ ಪಟ್ಟಿಗಳೆಲ್ಲ ಎದ್ದು ನಿಂತವು. ಸೋಫಾದ ಆ ತುದಿಯಲ್ಲಿ ಕೂತ ಅತ್ತೆಗೆ ಬಿಳಿ ಗ್ರಿಲ್ ಕಂಡರೆ, ಈ ತುದಿಯ ಮಾವನಿಗೆ ಗೋಡೆಯ ಕಪ್ಪು ಹೊಟ್ಟೆ ಕಂಡಿತು.

ಸರಿಯಾದ 14×20 ಬಂದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಪಟ್ಟಿಗಳ ಓರೆ ಮೇಲಕ್ಕೋ ಕೆಳಕ್ಕೋ? ಗಾಳಿಗೆ ಎರಡೂ ಒಂದೇ. ನೋಡುವವರ ಕಣ್ಣಿಗೆ ಒಳಗಿನ ಕತ್ತಲು ಬೀಳಬಾರದು, ಅಷ್ಟೆ. ಗ್ರಿಲ್ ನೆಲದ ಹತ್ತಿರವಿದ್ದರೆ ಪಟ್ಟಿಗಳು ನೆಲ ನೋಡಬೇಕು, ಸೂರಿನ ಹತ್ತಿರವಿದ್ದರೆ ಸೂರು ನೋಡಬೇಕು. ಇಷ್ಟು ಸರಳ ಸಂಗತಿಯನ್ನು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸದ ತಯಾರಕರನ್ನು ಏನನ್ನಬೇಕೋ ತಿಳಿಯದು.

ಹಳೇ ಗ್ರಿಲ್ ಬಿಚ್ಚುವಾಗಿನ ಸಂಕಟ ಬೇರೆ. ಹಿಂದಿನ ಮಾಲೀಕರು ಗೋಡೆಗೆ ಬಣ್ಣ ಹೊಡೆಸುವಾಗ ಗ್ರಿಲ್ಲಿನ ಮೇಲೂ ಬಳಿಸಿದ್ದರಿಂದ ಗ್ರಿಲ್ಲೂ ಗೋಡೆಯೂ ಅಂಟಿಕೊಂಡಿದ್ದವು. ಎಳೆದರೆ ಜಿಪ್ಸಮ್ಮಿನ ಕಾಗದ ಸಿಪ್ಪೆಯಾಗಿ ಕಿತ್ತು ಬರುತ್ತದೆ. ಸುತ್ತ ಒಮ್ಮೆ ಚೂರಿಯಲ್ಲಿ ಗೀರಿ ಬಣ್ಣದ ಪೊರೆ ಕತ್ತರಿಸಿಕೊಳ್ಳಬೇಕು. ಮನೆ 1978ಕ್ಕಿಂತ ಹಿಂದಿನದಾದರೆ ಬಣ್ಣದಲ್ಲಿ ಸೀಸ ಇರಬಹುದು, ಆಗ ಕೆರೆಯುವ ಗೋಜಿಗೇ ಹೋಗಬಾರದು. ಮೊದಲು ಥರ್ಮೋಸ್ಟಾಟ್ ಆರಿಸಬೇಕು, ಇಲ್ಲದಿದ್ದರೆ ಕೆರೆದ ಪುಡಿಯನ್ನೆಲ್ಲ ಯಂತ್ರ ನುಂಗಿ ಮನೆಮಂದಿಗೆ ಸಮನಾಗಿ ಹಂಚುತ್ತದೆ. ಡಕ್ಟಿನ ತಗಡಂಚಿಗೆ ಕರುಣೆ ಇಲ್ಲವಾದ್ದರಿಂದ ಕೈಗೆ ಗ್ಲೌಸು ಇರಲಿ.

ತಿರುಗಿಸಿ ಇಟ್ಟಿದ್ದ 20×14ನ್ನು ಕಳಚಿದಾಗ ಮಾವ ಟಾರ್ಚ್ ಬಿಟ್ಟು ನೋಡಿದರು. ಒಳಗೆ ಕಟ್ಟಿದವರು ಬಿಟ್ಟುಹೋದ ಮೊಳೆಗಳು, ಜಿಪ್ಸಮ್ ಚೂರು, ಮಗನ ನೇರಳೆ ಕ್ರೇಯಾನು, ಮತ್ತು ಸಂದಿಯಿಂದ ಬಿಟ್ಟು ನಾಲಗೆಯ ಹಾಗೆ ಜೋತ ಒಂದು ಬೂದುಬಣ್ಣದ ಪಟ್ಟಿ. ಡಕ್ಟ್ ಟೇಪು. ಸೂಟ್‌ಕೇಸಿನಿಂದ ಹಿಡಿದು ಕಾರಿನ ಬಂಪರಿನವರೆಗೆ ಅಮೆರಿಕದಲ್ಲಿ ಇದು ಕಟ್ಟದ ವಸ್ತುವಿಲ್ಲ. ಆದರೆ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ 1998ರಲ್ಲಿ ಬಗೆಬಗೆಯ ಅಂಟುಗಳನ್ನು ಡಕ್ಟಿಗೆ ಹಚ್ಚಿ, ಬಿಸಿ ತಣ್ಣಗೆ ಮಾಡಿ ಪರೀಕ್ಷಿಸಿದಾಗ, ಕೆಟ್ಟದಾಗಿ ಸೋತದ್ದು ಡಕ್ಟ್ ಟೇಪೇ. ಸಂದಿ ಬಿಟ್ಟರೆ, ಬೇಸಿಗೆಯಲ್ಲಿ 120 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಅಟ್ಟದ ಗಾಳಿಯೂ ದೂಳೂ ನೇರ ಒಳಕ್ಕೆ. ಮಾವ ಸಂದಿಗೆ ಅಲ್ಯೂಮಿನಿಯಂ ಹಾಳೆಯ ಟೇಪು ಒತ್ತಿ, ಉಗುರಿನಿಂದ ಉಜ್ಜಿ, “ಬಿಲ್ ಪಾಸ್ ಮಾಡಬಹುದು” ಎಂದರು.

ಸ್ಕ್ರೂಗಳು ಮರದ ಕಂಬಕ್ಕೆ ಹಿಡಿಯಬೇಕೇ ಹೊರತು ಬರೀ ಜಿಪ್ಸಮ್ಮಿಗಲ್ಲ. ಮರ ಸಿಗದ ಕಡೆ ಪ್ಲಾಸ್ಟಿಕ್ ಆ್ಯಂಕರ್ ಬೇಕು. ಫಿಲ್ಟರಿನ ಮೇಲಿನ ಬಾಣ ಗೋಡೆಯೊಳಕ್ಕೆ ಮುಖ ಮಾಡಿರಬೇಕು. ದೂಳು ಹಿಡಿಯುವ ದರ್ಜೆ ಜಾಸ್ತಿಯಿದ್ದಷ್ಟೂ ಒಳ್ಳೆಯದೆಂದು ಅತಿ ನವುರಾದ ಫಿಲ್ಟರ್ ತುರುಕಿದರೆ ಯಂತ್ರಕ್ಕೆ ಉಸಿರು ಕಟ್ಟುತ್ತದೆ. ಉಳಿದ ಕೆಲಸ ನಿಜಕ್ಕೂ ಹತ್ತು ನಿಮಿಷದ್ದೇ.

ಆದ್ದರಿಂದ ಅಂಗಡಿಗೆ ಹೊರಡುವ ಮುಂಚೆ ಹಳೇ ಗ್ರಿಲ್ ಬಿಚ್ಚಿ, ತೂತನ್ನು ಅಳೆದು, ಅಗಲ ಮೊದಲು, ಎತ್ತರ ಆಮೇಲೆ ಚೀಟಿಯಲ್ಲಿ ಬರೆದುಕೊಳ್ಳಿ. ಇಷ್ಟೆಲ್ಲ ಮಾಡಿದ ಮೇಲೂ, ನಾಲ್ಕನೇ ಸ್ಕ್ರೂ ಬಿಗಿಯಾಗಿ ಕೂರುವ ತನಕ ರಸೀದಿಯನ್ನು ಮಾತ್ರ ಎಸೆಯಬೇಡಿ.