ಕಟ್ಟಿನ ಮೇಲಿನ ಎಲೆ

ಸವಣೂರಿನ ವೀಳ್ಯದೆಲೆ ಕೊಳ್ಳುವಾಗ ಕಟ್ಟಿನ ಮೇಲಿನ ಎಲೆಗೆ ಮರುಳಾಗಬಾರದು. ಹೆಬ್ಬೆರಳಿನಿಂದ ಅಂಚು ಸರಿಸಿ, ನಡುವಿನ ಎಲೆ ಹೇಗಿದೆ ನೋಡಿ, ಆಮೇಲೆ ರೊಕ್ಕ ಬಿಚ್ಚಬೇಕು. ಇದು ನಮ್ಮಜ್ಜಿ ಕಲಿಸಿದ ಪಾಠ. ಅಜ್ಜಿ ಸಾಲಿ ಮೆಟ್ಟಿಲು ಹತ್ತಿದವಳಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಹಾನಗಲ್ಲಿನಿಂದ ಹಿರೇಕೆರೂರಿಗೆ ಬಸ್ಸಿನಲ್ಲಿ ಹೊರಟರೆ ಅಜ್ಜಿ ನೆನಪಾಗುತ್ತಾಳೆ. ಸರ್ಕಲ್ಲಿಗೊಂದು ಫ್ಲೆಕ್ಸು. ಅದರಲ್ಲಿ ಟೈ ಬಿಗಿದುಕೊಂಡ ಆರೆಂಟು ಮುಖಗಳು, ಒಂದೊಂದರ ಕೆಳಗೂ ತೊಂಬತ್ತರ ಮೇಲಿನ ಅಂಕಿ. ತುದಿಯಲ್ಲಿ ಸಂಸ್ಥೆಯ ಅಧ್ಯಕ್ಷರು ಕೈ ಮುಗಿದು ನಿಂತಿರುತ್ತಾರೆ. ಅವರ ಫೋಟೋ ಮಕ್ಕಳಿಗಿಂತ ದೊಡ್ಡದು, ಪರೀಕ್ಷೆ ಅವರೇ ಬರೆದಂತೆ. ನಡುವಿನ ಎಲೆಗಳು ಎಲ್ಲಿ ಹೋದವು ಎಂದು ಯಾರೂ ಅಂಚು ಸರಿಸುವುದಿಲ್ಲ.

ಎಲೆ ವ್ಯಾಪಾರಿಯೇ ಎಷ್ಟೋ ವಾಸಿ. ಎಳೆಯದು, ಬಲಿತದ್ದು, ಹರಿದದ್ದು ಎಂದು ನಿಮ್ಮ ಕಣ್ಣೆದುರೇ ಆರಿಸುತ್ತಾನೆ. ಹರಿದ ಎಲೆಗೆ ‘ನೀನು ಸರಿಯಾಗಿ ಓದಲಿಲ್ಲ’ ಎಂದು ಬೈಯುವುದಿಲ್ಲ. ಸಾಲಿ ಹತ್ತು ವರ್ಷ ಕೂರಿಸಿಕೊಂಡು ಆರಿಸುತ್ತದೆ, ಆರಿಸಲೇ ಇಲ್ಲ ಎನ್ನುತ್ತದೆ, ಕೊನೆಗೆ ಹರಿದದ್ದು ಎಲೆಯದೇ ತಪ್ಪು ಎಂದು ಬರೆದು ಸಿಕ್ಕಾ ಒತ್ತಿ ಕೈಗೆ ಕೊಡುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು 1970ರಲ್ಲಿ ಪಾಸ್ಸೆರೋನ್ ಎಂಬ ಜೊತೆಗಾರನನ್ನು ಕಟ್ಟಿಕೊಂಡು ಇದನ್ನೇ ಒಂದು ಪುಸ್ತಕದುದ್ದ ಬರೆದ. ಮಗು ಮನೆಯಿಂದ ತಂದ ಮಾತು, ನಡೆ, ಧೈರ್ಯಕ್ಕೆ ಸಾಲಿ ‘ಪ್ರತಿಭೆ’ ಎಂದು ಹೆಸರಿಡುತ್ತದೆ ಎಂಬುದು ಅವನ ತಕರಾರು. ಮನೆಯಿಂದ ತಂದ ಆ ಗಂಟಿಗೆ ಸಾಂಸ್ಕೃತಿಕ ಬಂಡವಾಳ ಎಂದ. ನಮ್ಮ ಕಡೆ ಅಷ್ಟು ತ್ರಾಸು ಬೇಕಿಲ್ಲ. ‘ಬಿಡ್ರೀ, ಅವರ ಮನ್ಯಾಗ ಓದಿದವರು ಅದಾರ’ ಅಂದರೆ ಮುಗಿಯಿತು.

ಬೆಳಿಗ್ಗೆ ಎಂಟೂವರೆಗೆ ಯಾವುದಾದರೂ ಊರ ಅಗಸಿಯ ಮುಂದೆ ನಿಂತು ನೋಡಿ. ಮೊದಲು ಹಳದಿ ವ್ಯಾನು ಬರುತ್ತದೆ. ಬೂಟು ಹಾಕಿಕೊಂಡ ಕಾಲುಗಳೆಲ್ಲ ಹತ್ತುತ್ತವೆ. ಅದರಲ್ಲಿ ಕನ್ನಡ ಸಾಲಿ ಮಾಸ್ತರರ ಮಗನೂ ಒಬ್ಬ. ಮಾಸ್ತರರು ಅವನಿಗೆ ಟಾಟಾ ಮಾಡಿ, ಬೈಕಿಗೆ ಕಿಕ್ ಹೊಡೆದು, ಊರವರ ಮಕ್ಕಳಿಗೆ ಮಾತೃಭಾಷೆಯ ಮಹತ್ವ ಕಲಿಸಲು ಹೋಗುತ್ತಾರೆ. ಸರ್ಕಾರಿ ನೌಕರರೆಲ್ಲ ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸಬೇಕು ಎಂದು 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿತ್ತು. ಆ ಸುದ್ದಿ ಕೃಷ್ಣೆ ದಾಟಿ ಬರಲಿಲ್ಲ. ಬಂದಿದ್ದರೆ ಒಂದೇ ವಾರದಲ್ಲಿ ಎಲ್ಲ ಸಾಲಿಗಳ ಪಾಯಿಖಾನೆಗೂ ನಳ ಬರುತ್ತಿತ್ತು. ವ್ಯಾನು ಹೋದ ಮೇಲೆ ಉಳಿದವರು ಕನ್ನಡ ಸಾಲಿಗೆ, ಉರ್ದು ಸಾಲಿಗೆ ನಡೆದು ಹೋಗುತ್ತಾರೆ. ಅಪ್ಪ-ಅವ್ವನ ಬೆನ್ನು ಹತ್ತಿ ಗೋವಾಕ್ಕೋ ಕಾಫಿ ಸೀಮೆಗೋ ದುಡಿಯಲು ಹೋದ ತಾಂಡಾದ ಮಕ್ಕಳು ಹಾಜರಿ ಪುಸ್ತಕದಲ್ಲಿ ‘ಗೈರು’ ಆಗಿ ಉಳಿಯುತ್ತಾರೆ. ಪರೀಕ್ಷೆಯ ಹಾಲಿಗೆ ಈಗ ಕ್ಯಾಮೆರಾ ಬಂದಿದೆ. ಮಾಸ್ತರರಿಲ್ಲದ ತರಗತಿಗೆ ಅದನ್ನು ಯಾರೂ ತೂಗುಹಾಕಿಲ್ಲ.

ವ್ಯಾನು ಹತ್ತಿದ ಎಲ್ಲರೂ ಗೆದ್ದರು ಎಂದಲ್ಲ. ಶಿಗ್ಗಾವಿ ಕಡೆ ಪರಿಚಯದ ಒಬ್ಬಾಕೆ, ಹತ್ತಿ ಬಿಡಿಸುವ ಕೂಲಿ, ಸಂಘದಲ್ಲಿ ಸಾಲ ಎತ್ತಿ ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಾಳೆ. ಹುಡುಗಿಯ ಡೈರಿ ನೋಡಿದೆ. ಪುಟಪುಟಕ್ಕೂ ಕೆಂಪು ಶಾಯಿಯಲ್ಲಿ ಇಂಗ್ಲಿಷ್ ಬರಹ: ಹೋಂವರ್ಕ್ ನೀವೇ ಕೂತು ಮಾಡಿಸಿ, ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ, ಥರ್ಮಾಕೋಲಿನಲ್ಲಿ ಜ್ವಾಲಾಮುಖಿ ಮಾಡಿ ಕಳಿಸಿ. ಕೆಳಗೆ ‘ಪಾಲಕರ ಸಹಿ’ ಎಂಬ ಜಾಗದಲ್ಲಿ ನೀಲಿ ಹೆಬ್ಬೆಟ್ಟು. ಅಲ್ಲಲ್ಲಿ ಹೆಬ್ಬೆಟ್ಟು ಗೆರೆ ದಾಟಿ ಕೆಂಪು ಅಕ್ಷರಗಳ ಮೇಲೂ ಹರಡಿದೆ. ‘ಪಾಲಕರು ಆಸಕ್ತಿ ತೋರುತ್ತಿಲ್ಲ’ ಎಂದು ಮುಂದಿನ ಪುಟದಲ್ಲಿತ್ತು. ಅದನ್ನು ಓದಿ ಹೇಳಲು ನನಗೆ ಬಾಯಿ ಬರಲಿಲ್ಲ. ಜ್ವಾಲಾಮುಖಿಯನ್ನು ಪೇಟೆಯ ಅಂಗಡಿಯಲ್ಲಿ ರೆಡಿಮೇಡ್ ಕೊಂಡರಂತೆ. ಎರಡು ದಿನದ ಕೂಲಿ.

ಭಾಷೆಯ ಪ್ರಶ್ನೆಯನ್ನು ಬಗೆಹರಿಸಲು ಹೊರಟವರೂ ಈ ನೆಲದವರೇ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು, ಇಂಗ್ಲಿಷ್ ಪ್ರಾಧ್ಯಾಪಕರು, 1981ರಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದು ವರದಿ ಕೊಟ್ಟರು. ನಾಡೇ ಬೀದಿಗಿಳಿಯಿತು, ಸಿನಿಮಾ ನಟರೂ ಇಳಿದರು. ಮೆರವಣಿಗೆ ಮುಗಿಸಿ ಮನೆಗೆ ಬಂದವರು ಮಕ್ಕಳನ್ನು ಕಾನ್ವೆಂಟಿಗೆ ಹಚ್ಚಿದರು. 2014ರಲ್ಲಿ ಸುಪ್ರೀಂ ಕೋರ್ಟ್, ಮಾಧ್ಯಮ ಆರಿಸಿಕೊಳ್ಳುವುದು ಪಾಲಕರ ಹಕ್ಕು ಎಂದಿತು. 2019ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು. ಕನ್ನಡ ಉಳಿಯಬೇಕು, ನಿಜ. ಉಳಿಸುವ ಕೆಲಸವನ್ನು ಮಾತ್ರ ವ್ಯಾನಿಗೆ ರೊಕ್ಕವಿಲ್ಲದವರಿಗೆ ಗುತ್ತಿಗೆ ಕೊಟ್ಟಿದ್ದೇವೆ.

ಇನ್ನು ಶಿಕ್ಷಣ ಹಕ್ಕು. 2009ರ ಕಾಯ್ದೆ ಖಾಸಗಿ ಶಾಲೆಯಲ್ಲಿ ನೂರಕ್ಕೆ ಇಪ್ಪತ್ತೈದು ಸೀಟು ಬಡ ಮಕ್ಕಳಿಗೆ ಎಂದಿತ್ತು. ನಮ್ಮ ಸರ್ಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಶಾಲೆ ಇದ್ದರೆ ಅಲ್ಲಿಗೇ ಹೋಗು ಎಂದಿತು. 2019ರಲ್ಲಿ ಹೈಕೋರ್ಟೂ ಸೈ ಎಂದಿತು. ಈ ‘ನೆರೆಹೊರೆ’ ಎಂಬ ಶಬ್ದದ ಮುಂದೆ ನನಗೆ ಶಿಶುನಾಳದ ಷರೀಫ ಕಾಣುತ್ತಾನೆ. ಮುಸಲ್ಮಾನರ ಹುಡುಗ, ಗುರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ಈಗಿನ ಕಾಲದಲ್ಲಿ ಆನ್‌ಲೈನ್ ಅರ್ಜಿ ಹಾಕಿದ್ದರೆ ಶಿಶುನಾಳ ಶಿಗ್ಗಾವಿ ತಾಲ್ಲೂಕು, ಕಳಸ ಕುಂದಗೋಳ ತಾಲ್ಲೂಕು, ಜಿಲ್ಲೆಯೇ ಬೇರೆ, ನೆರೆಹೊರೆಯ ಷರತ್ತಿನಡಿ ತಿರಸ್ಕೃತ ಎಂದು ಮೊಬೈಲಿಗೆ ಸಂದೇಶ ಬರುತ್ತಿತ್ತು. ಷರೀಫ ಕೆಲಕಾಲ ಸಾಲಿ ಮಾಸ್ತರನೂ ಆಗಿದ್ದನಲ್ಲ, ಇಂದಾದರೆ ಅತಿಥಿ ಶಿಕ್ಷಕ. ಗೌರವಧನ ಬಂದಾಗ ಬಂತು.

ಹಾನಗಲ್ಲಿನ ಹೆಸರನ್ನು ಜಗತ್ತಿಗೆ ಮುಟ್ಟಿಸಿದ ಗಾಯಕಿ ಗಂಗೂಬಾಯಿಯವರದೂ ಎಲೆಯ ಕತೆಯೇ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಹಾಡಿದ ಆ ಹುಡುಗಿಗೆ ಹಾಡಿನ ಭಯವಿರಲಿಲ್ಲ. ಊಟವಾದ ಮೇಲೆ ಎಂಜಲೆಲೆ ಎತ್ತಲು ಹೇಳಿಯಾರು ಎಂಬ ಭಯವಿತ್ತಂತೆ. ಈಗ ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಅಲ್ಲಿ ಪ್ರವೇಶಕ್ಕೆ ಅಂಕಪಟ್ಟಿ ಕಡ್ಡಾಯ.

ನಡುವಿನ ಎಲೆ ನೋಡಲೇಬೇಕೆಂದರೆ ಸವಣೂರಿಗೇ ಬನ್ನಿ. 2010ರ ಜುಲೈನಲ್ಲಿ ಅಲ್ಲಿನ ಪುರಸಭೆಯ ಎದುರು, ಊರಿನ ಮಲ ಹೊತ್ತು ಬದುಕಿದ ಭಂಗಿ ಸಮುದಾಯದವರು, ಇದ್ದ ಜಾಗ ಬಿಟ್ಟು ಏಳಿ ಎಂದದ್ದಕ್ಕೆ, ಅದೇ ಮಲವನ್ನು ತಮ್ಮ ತಲೆಯ ಮೇಲೆ ಸುರಿದುಕೊಂಡರು. ಸಮಾಜ ವಿಜ್ಞಾನದ ಪತ್ರಿಕೆಯಲ್ಲಿ ಅಸ್ಪೃಶ್ಯತೆ ನಿಷೇಧಿಸಿದ ವಿಧಿ ಯಾವುದು ಎಂದು ಕೇಳಿದರೆ 17 ಎಂದು ಬರೆಯಬೇಕು. ಒಂದು ಅಂಕ.