ಅರವತ್ತನಾಲ್ಕು ಸ್ಟೆಪ್ಪಿನ ಸರಳೆ

ಬೆರಳು ಓಡದವರ ಮೇಲೆ ಕರುಣೆಯಿಂದ ಯಾರೋ ಕಂಡುಹಿಡಿದದ್ದು ಸ್ಟೆಪ್ ಸೀಕ್ವೆನ್ಸರ್ ಎಂದು ನನ್ನ ನಂಬಿಕೆ. ನಮ್ಮ ಮನೆಯ ಕೀಬೋರ್ಡಿನಲ್ಲಿ ಅದು ಇದೆ. 32 ಕೀಗಳ ಗಿಡ್ಡ ವಾದ್ಯ, ಸ್ವಂತ ದನಿಯಿಲ್ಲ, ಪಕ್ಕದ ಸಿಂಥಸೈಸರಿಗೆ ವೈರು ಕೊಟ್ಟರೆ ಹಾಡೀತು. ರೆಕಾರ್ಡ್ ಒತ್ತಿ, ‘ಸ’ ನುಡಿಸಿ. ಒಂದು ಸ್ಟೆಪ್ ತುಂಬಿತು. ಯಂತ್ರ ಎರಡನೆಯದರ ಬಾಗಿಲಲ್ಲಿ ನಿಂತು ಕಾಯುತ್ತದೆ. ಎಷ್ಟು ಹೊತ್ತು ಅಂತೀರಾ? ನೀವು ಅಡುಗೆಮನೆಗೆ ಹೋಗಿ, ಡಿಕಾಕ್ಷನ್ ಇಳಿದಿದೆಯೇ ಎಂದು ತಟ್ಟಿ ನೋಡಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದು ‘ರಿ’ ಒತ್ತುವಷ್ಟು ಹೊತ್ತು. ಆಮೇಲೆ ಪ್ಲೇ ಒತ್ತಿದರೆ ಕಾಫಿಯ ಸುಳಿವೇ ಇಲ್ಲದೆ ಸ, ರಿ ಒಂದರ ಬೆನ್ನಿಗೊಂದು ಬರುತ್ತವೆ. ಯಾವ ಸ್ವರ ಎನ್ನುವುದಷ್ಟೇ ನಮ್ಮ ಹೊಣೆ, ಯಾವಾಗ ಎನ್ನುವುದು ಅದರದು.

ಇಷ್ಟು ಅನುಕೂಲ ಸಿಕ್ಕರೆ ಸುಮ್ಮನಿರುವುದುಂಟೇ? ಚಿಕ್ಕಂದಿನಲ್ಲಿ ಕೈಬಿಟ್ಟ ಸಂಗೀತಪಾಠದ ಸರಳೆ ವರಸೆ ಹಿಡಿದೆ. ಮೊದಲ ಕಾಲಕ್ಕೇ ಏದುಸಿರು ಬಿಡುತ್ತಿದ್ದವನು ನಾನು. ಇಲ್ಲಿ ಒಂದು ಗುಬಟು ತಿರುಗಿಸಿದರೆ ವೇಗ ಇಮ್ಮಡಿ, ಇನ್ನೊಂದು ಚೂರು ತಿರುಗಿಸಿದರೆ ಅದರ ಇಮ್ಮಡಿ. ಮೂರನೇ ಕಾಲದಲ್ಲಿ ಮಾಯಾಮಾಳವಗೌಳ ರಾಗ ಸುರಿಯುವಾಗ ಕೀಗಳ ಮೇಲೆ ಸುಮ್ಮನೆ ಕೈಯಾಡಿಸುತ್ತಿರುತ್ತೇನೆ. ನೆಂಟರ ಪೈಕಿ ಇಬ್ಬರು ಮೆಚ್ಚಿಕೊಂಡೂ ಆಗಿದೆ.

ತೊಡಕು ಬಂದದ್ದು ನಿಲ್ಲುವ ಜಾಗದಲ್ಲಿ. ಸರಳೆಯ ಪುಸ್ತಕದಲ್ಲಿ ‘ಪ , ;’ ಎಂದು ಬರೆದಿದ್ದರೆ ಪಂಚಮವನ್ನು ನಾಲ್ಕು ಅಕ್ಷರ ಹಿಡಿಯಬೇಕು: ಸ್ವರಕ್ಕೊಂದು, ಅಲ್ಪವಿರಾಮಕ್ಕೊಂದು, ಅರ್ಧವಿರಾಮಕ್ಕೆರಡು. ಹಾಡುವವರು ಇದನ್ನು ಉಸಿರಿನಲ್ಲಿ ಮಾಡಿಬಿಡುತ್ತಾರೆ. ಯಂತ್ರಕ್ಕೆ ಉಸಿರು ಗೊತ್ತಿಲ್ಲ. ಕೀಯನ್ನು ಹಿಡಿದುಕೊಂಡೇ ಟೈ ಗುಂಡಿಯನ್ನು ಮೂರು ಸಲ ಒತ್ತಬೇಕು, ಆಗ ಸ್ವರ ಎಳೆಯುವ ಕಾರ್ವೆ. ಕೈಬಿಟ್ಟು ಅದೇ ಗುಂಡಿ ಒತ್ತಿದಿರೋ, ಮೌನ. ಸುಮ್ಮನಿರುವುದಕ್ಕೂ ಗುಂಡಿ ಒತ್ತಬೇಕಾದ ವಾದ್ಯ ಇದೊಂದೇ ಇರಬೇಕು. ನಮ್ಮ ಓಣಿಯ ಕೆಲವರಿಗೆ ಅಂಥದ್ದೊಂದು ಗುಂಡಿ ಇದ್ದಿದ್ದರೆ ಎಂದು ಆಸೆಪಟ್ಟಿದ್ದೇನೆ, ಇರಲಿ.

ಹೀಗೆ 32 ಅಕ್ಷರಗಳ ವರಸೆಯೊಂದನ್ನು ತುಂಬುತ್ತಿದ್ದಾಗ ಬಾಗಿಲ ಗಂಟೆ ಬಾರಿಸಿತು. ಏಳುವ ಆತುರದಲ್ಲಿ ಮೊಣಕೈ ಯಾವುದೋ ಕೀಗೆ ತಾಗಿ 19ನೇ ಸ್ಟೆಪ್ಪಿನಲ್ಲಿ ಕರೆಯದ ಧೈವತ ಬಂದು ಕೂತಿತು. ನನಗೆ ಅದು ತಿಳಿಯಲಿಲ್ಲ. ತಿಳಿದದ್ದು ಒಳಗೆ ಹೂ ಕಟ್ಟುತ್ತಿದ್ದ ನಮ್ಮ ಅತ್ತೆಯವರಿಗೆ. ಎರಡನೇ ಸುತ್ತಿಗೆ ಕೈ ನಿಲ್ಲಿಸಿದರು, ಮೂರನೇ ಸುತ್ತಿಗೆ ತೊಡೆಯ ಮೇಲೆ ಆದಿತಾಳ ಹಾಕತೊಡಗಿದರು. “ಅಳಿಯಂದ್ರೇ, ನಿಮ್ಮ ಪೆಟ್ಟಿಗೆ ಸುತ್ತಿಗೊಂದು ಎಡುಪು ಹಿಡೀತಿದೆಯಲ್ಲ!” ನಿಜ. ಎಡುಪೆಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ; 33 ಸ್ಟೆಪ್ಪಿನ ಸುತ್ತು ಎಂಟಕ್ಷರದ ತಾಳದ ಮೇಲೆ ಪ್ರತಿ ಸಲವೂ ಒಂದೊಂದು ಅಕ್ಷರ ಹಿಂದೆ ಬೀಳುತ್ತದೆ. “ಅನಾಗತ ಎಡುಪು” ಎಂದೆ, ಬೇಕೆಂದೇ ಸಮ ದಾಟಿ ಎತ್ತಿಕೊಂಡವನ ಗಾಂಭೀರ್ಯದಿಂದ. ಅವರು ನಂಬಲಿಲ್ಲ. ಒಂಬತ್ತನೇ ಸುತ್ತು ತಾನಾಗಿ ಸಮಕ್ಕೆ ಬಂದಾಗ ಮಾತ್ರ ಅರೆಕ್ಷಣ ಅನುಮಾನಿಸಿದರು.

ತಿದ್ದೋಣವೆಂದರೆ ಇದರಲ್ಲಿ ಅಳಿಸುವ ಗುಂಡಿಗೆ ಕೊನೆಯ ಸ್ಟೆಪ್ ಮಾತ್ರ ಕಾಣುತ್ತದೆ. ನಡುವಿನ ಒಂದು ಮಣಿ ತೆಗೆಯಲು ಸರದ ತುದಿಯಿಂದ ಎಲ್ಲವನ್ನೂ ಜಾರಿಸುತ್ತ ಬಂದಂತೆ, 33ರಿಂದ ಹಿಮ್ಮುಖವಾಗಿ 19ರವರೆಗೆ ಅಳಿಸಿ, ಉಳಿದದ್ದನ್ನು ಮತ್ತೆ ಪೋಣಿಸಬೇಕು. 1982ರಲ್ಲಿ ಬಂದ ರೋಲ್ಯಾಂಡ್ ಎಸ್‌ಎಚ್-101 ಸಿಂಥಸೈಸರಿನವರಿಗೆ ಇಷ್ಟೂ ಭಾಗ್ಯವಿರಲಿಲ್ಲ. ಅದರಲ್ಲಿ 100 ಸ್ಟೆಪ್, ತಪ್ಪಿದರೆ ಮೊದಲಿಂದ. ಅದೇ ಕಂಪನಿಯ ಟಿಬಿ-303ರಲ್ಲಂತೂ ಸ್ವರಗಳನ್ನೆಲ್ಲ ಒಂದು ಸರದಿ, ಅವುಗಳ ಕಾಲವನ್ನು ಇನ್ನೊಂದು ಸರದಿ ತುಂಬಬೇಕಿತ್ತು. ಅದೇ 303ನ್ನು ಇಟ್ಟುಕೊಂಡು ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಆಗ ಕೇಳಿದವರು ಕಡಿಮೆ. 1987ರಲ್ಲಿ ಷಿಕಾಗೋದ ಫ್ಯೂಚರ್ ತಂಡ ಅದೇ ಯಂತ್ರದಿಂದ ಆ್ಯಸಿಡ್ ಹೌಸ್ ಎಂಬ ಕುಣಿತದ ಸಂಗೀತ ಹೊರಡಿಸಿ ಹೆಸರಾಯಿತು. 2010ರಲ್ಲಿ ಸಿಂಗ್ ಅವರ ತಟ್ಟೆ ಮತ್ತೆ ಅಚ್ಚಾದ ಮೇಲೆ ಲೋಕ ಹುಬ್ಬೇರಿಸಿತು. ಅದರಲ್ಲಿ ಭೈರವ್ ಇದೆ, ನಮ್ಮ ಮಾಯಾಮಾಳವಗೌಳದ್ದೇ ಸ್ವರಗಳು. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಸೌಲಭ್ಯ ಸ್ಟೆಪ್ ಸ್ಟೆಪ್ಪಿಗೂ ಇತ್ತು. ನನ್ನ ಸರಳೆಗೆ ಆ ಜಾರೂ ಇಲ್ಲ. “ರಿಷಭ ಕಂಬದ ಹಾಗೆ ನಿಂತಿದೆ” ಎಂಬುದು ಅತ್ತೆಯವರ ವಿಮರ್ಶೆ.

ಆದರೂ ಅವರಿಗೆ ರುಚಿ ಹತ್ತಿದೆ. ಧ್ರುವತಾಳದ ಅಲಂಕಾರ ಹಾಕಿ ಎಂದರು. ಬೆರಳು ಮಡಿಸಿ ಎಣಿಸಿದೆ: ಆವರ್ತಕ್ಕೆ 14 ಅಕ್ಷರ, ಆರೋಹಣಕ್ಕೆ ಐದು ಆವರ್ತ, ಒಟ್ಟು 70. ನಮ್ಮ ಯಂತ್ರದ ಹೊಟ್ಟೆ 64ಕ್ಕೆ ತುಂಬುತ್ತದೆ. ಆ ಹಳೆಯ 101 ಆಗಿದ್ದರೆ ಹಿಡಿಸುತ್ತಿತ್ತು ಎಂದು ವಿವರಿಸಿ ಕೈಚೆಲ್ಲಿದೆ.

“ಅದಕ್ಕೇನಂತೆ, ಉಳಿದ ಆರು ನೀವೇ ಬಾಯಲ್ಲಿ ಹಾಡಿ” ಎಂದರು ಅತ್ತೆ.